ಮುದ್ದಾಜಮ್ಮಣ್ಣಿಯ ಮಳೆಯಂತ್ರ

"ಕೇಳಿರಪ್ಪಾ ಕೇಳಿ! ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅಮ್ಮಣ್ಣಿಯವರನ್ನೇ ಕೊಟ್ಟು ಮದುವೆ. ತಪ್ಪಿದವನಿಗೆ ತಲೆದಂಡ" ಎಂದು ಹಿರೇಕೋಟೆಯ ರಾಜ ಡಂಗುರ ಸಾರಿಸಿದ.

ರಾಜಕುಮಾರಿ ಮುದ್ದಾಜಮ್ಮಣ್ಣಿ ಮರದ ಯಂತ್ರವೊಂದನ್ನು ಮಾಡಿಸಿದ್ದಳು. ಹಿಡಿ ತಿರುಗಿಸಿದರೆ ಬರುವ ವರ್ಷದ ಮಳೆ, ಬಿಸಿಲು, ಹಬ್ಬಗಳೆಲ್ಲ ಅದರೊಳಗೆ ಮುಂಚೆಯೇ ನಡೆದುಹೋಗುತ್ತಿದ್ದವು. ತಿಥಿ ಮಾತ್ರ ತಪ್ಪುತ್ತಿತ್ತು. ಅದನ್ನು ನಂಬಿ ಊರೆಲ್ಲ ಜಡಿಮಳೆಯಲ್ಲಿ ದೀಪಾವಳಿ ಮಾಡಿ, ಬತ್ತಿ ಹೊತ್ತದೆ ಕತ್ತಲಲ್ಲಿ ಕೂತಿತ್ತು. ತೊಗಲುಗೊಂಬೆ ಆಡಿಸುವ ಸಣ್ಣೀರನ ಗೊಂಬೆಗಳೂ ನೆಂದು, ರಾಜನೂ ರಾಕ್ಷಸನೂ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಹೊಟ್ಟೆಪಾಡು ನಿಂತ ಮೇಲೆ ಇನ್ನೇನೆಂದು ಅವನು ತಲೆಯನ್ನೇ ಪಣಕ್ಕಿಟ್ಟು ಅರಮನೆಗೆ ಹೊರಟ.

ಅಲ್ಲಿ ಇಬ್ಬರು ಮುಂಚೆಯೇ ಬಂದಿದ್ದರು. "ವೀಳ್ಯ ಅಗಿದು ಮುಗಿಸುವಷ್ಟರಲ್ಲಿ ಒಂದು ವರ್ಷ ಕಳೆದುಹೋಗುತ್ತದೆ. ಅದು ಯಾವ ವರ್ಷ?" ಎಂದು ಅಮ್ಮಣ್ಣಿ ಕೇಳಿದಳು. ಮದುವೆಯಾದ ಮೊದಲ ವರ್ಷವೆಂದ ದಂಡನಾಯಕನ ಮಗ. ಅವನನ್ನು ಸೆರೆಗೆ ಒಯ್ದರು. ಪಕ್ಕದ ಸೀಮೆಯ ಪಾಳೆಯಗಾರ ಬಹಳ ಯೋಚಿಸಿ, ಅಷ್ಟು ದೊಡ್ಡ ವೀಳ್ಯ ಎಲ್ಲಿ ಸಿಗುತ್ತದೆಂದು ವಿಚಾರಿಸಿದ. ಅವನನ್ನೂ ಒಯ್ದರು. ಹೊರಗೆ ಕತ್ತಿ ಮಸೆಯುವ ಸದ್ದಿಗೆ ಸಣ್ಣೀರನ ಕುತ್ತಿಗೆ ತುರಿಸತೊಡಗಿತು.

"ಆಟದೊಳಗಿನ ವರ್ಷ, ಅಮ್ಮಣ್ಣಿ," ಎಂದ. "ನನ್ನ ಪರದೆ ಮೇಲೆ ರಾಜಕುಮಾರ ವನವಾಸ ಮುಗಿಸಿ ಬಂದರೂ ನೋಡೋರ ಬಾಯಿ ಇನ್ನೂ ಕೆಂಪಾಗಿರಲ್ಲ. ನಿಮ್ಮ ಯಂತ್ರದ ವರ್ಷವೂ ಅಂಥದ್ದೇ."

ಅಮ್ಮಣ್ಣಿ ಎರಡನೆಯದನ್ನು ಕೇಳಿದಳು. "ಲೆಕ್ಕಕ್ಕೆ ಬೇಕೇಬೇಕು, ಶುಭಕಾರ್ಯಕ್ಕೆ ಬೇಡವೇ ಬೇಡ. ಬಿಟ್ಟರೆ ಹಬ್ಬಗಳು ಮಳೆಗೆ ಸಿಕ್ಕುತ್ತವೆ. ಏನದು?"

"ಅಧಿಕಮಾಸ. ಮದುವೆಗಿಲ್ಲ, ಮುಂಜಿಗಿಲ್ಲ ಅಂತ ನಿಮ್ಮ ಬಡಗಿ ಚಕ್ರದಲ್ಲಿ ಅದಕ್ಕೆ ಹಲ್ಲೇ ಕೊರೆದಿಲ್ಲ."

"ಸರಿ. ಅದು ಯಾವ ದಿನವೂ ಅಲ್ಲ, ಆದರೆ ಅದಿಲ್ಲದೆ ಮೊದಲನೆಯ ದಿನವೂ ಇಲ್ಲ. ಏನದು?"

ಸಣ್ಣೀರನಿಗೆ ಹೊಳೆಯಲಿಲ್ಲ. ರಾಜ ಬಾಗಿಲ ಕಡೆಗೆ ಕಣ್ಸನ್ನೆ ಮಾಡಿದ. ಆಟದಲ್ಲಿ ಮಾತು ಮರೆತಾಗ ಸಣ್ಣೀರ ಕತೆಯನ್ನು ಮೊದಲಿನಿಂದ ಶುರುಮಾಡುತ್ತಿದ್ದ. ಈಗಲೂ ಅದೇ ಅಭ್ಯಾಸದಲ್ಲಿ ಅವನ ಬಾಯಿಂದ, "ಒಂದಾನೊಂದು ಕಾಲದಲ್ಲಿ..." ಎಂದು ಬಂತು.

"ಅದೇ ಉತ್ತರ," ಎಂದಳು ಅಮ್ಮಣ್ಣಿ. "ದಿನಗಳನ್ನು ಎಲ್ಲಿಂದಲಾದರೂ ಎಣಿಸಬೇಕಲ್ಲ? ಯಂತ್ರಕ್ಕೂ ಒಂದು 'ಒಂದಾನೊಂದು ಕಾಲ' ಅಂತ ಗೂಟ ಹೊಡೆದುಕೊಂಡರೆ ಅಲ್ಲಿಂದ ಮುಂದೆ ಎಣಿಕೆ ತಪ್ಪುವುದಿಲ್ಲ."

ಸೆರೆಯಲ್ಲಿದ್ದ ಇಬ್ಬರ ತಲೆಯನ್ನೂ ಉಳಿಸಿಕೊಡಿ ಎಂದು ಸಣ್ಣೀರ ಬೇಡಿಕೊಂಡ; ರಾಜ ಒಪ್ಪಿದ. ಬಡಗಿ ಹೊಸ ಹಲ್ಲು ಕೊರೆದ. ಮುಹೂರ್ತ ಕೇಳಿದರೆ ಜೋಯಿಸರು ಯಂತ್ರ ನೋಡಿ ಕೆಮ್ಮಿದರು. ನಡೆಯುತ್ತಿರುವುದೇ ಅಧಿಕಮಾಸ, ಮದುವೆ ಕೂಡದು.

ಅಮ್ಮಣ್ಣಿ ಯಂತ್ರದ ಹಿಡಿಗೆ ಕೈಹಾಕಿದಳು. "ತಿರುಗಿಸಿದರೆ ತಿಂಗಳು ಕಳೆಯುತ್ತಲ್ಲ."

"ಒಳಗೆ ಕಳೆಯುತ್ತೆ," ಎಂದ ಸಣ್ಣೀರ. "ನಾವು ಹೊರಗಿದ್ದೀವಲ್ಲ ಅಮ್ಮಣ್ಣಿ. ಕೂತ್ಕೊಳ್ಳಿ, ಕತೆ ಹೇಳ್ತೀನಿ."

ತಿಂಗಳು ಕಳೆಯಿತು, ಓಲಗ ಮೊಳಗಿತು, ಜೋಯಿಸರು ಹೊತ್ತು ಮೀರುತ್ತದೆಂದು ಮೂರು ಸಲ ಕರೆದರು. ಕತೆ ಇನ್ನೂ ನಡುವಿನಲ್ಲಿತ್ತು. ಅಮ್ಮಣ್ಣಿ ಮುಹೂರ್ತವನ್ನೇ ಕಾಯಿಸಿದಳಂತೆ.