ಬೆನ್ನ ಮೇಲಿನ ಹೆಸರು

“ಮೇಡಂ, ಹೆದರುವವನು ವೈದ್ಯನಾಗಬಹುದೇ?” ಎಂದು ಭರಮಣ್ಣ ಕೇಳಿದ.

ಅದು ಕೊರೊನಾದ ಎರಡನೇ ಅಲೆಯ ಕಾಲ. ಭರಮಣ್ಣ ವೈದ್ಯಕೀಯದ ಕೊನೆಯ ವರ್ಷದ ವಿದ್ಯಾರ್ಥಿ. ಅವನನ್ನು ಕೊರೊನಾ ವಾರ್ಡಿನ ಕೆಲಸಕ್ಕೆ ಹಾಕಿದ್ದರು. ಅಲ್ಲಿ ಚೆನ್ನವೀರಪ್ಪ ಎಂಬ ಹಿರಿಯರಿಗೆ, ನಾಳೆ ಫೋನಿನಲ್ಲಿ ಮೊಮ್ಮಗಳ ಮುಖ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಬೆಳಗಾಗುವುದರೊಳಗೆ ಅವರು ತೀರಿಕೊಂಡಿದ್ದರು. ಅಂದಿನಿಂದ ಅವನಿಗೆ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಓದು ಬಿಟ್ಟು ಊರಿಗೆ ಹೋಗಿಬಿಡುವುದೆಂದು ಬಟ್ಟೆಬರೆ ಕಟ್ಟಿಟ್ಟಿದ್ದ. ಹೋಗುವ ಮುನ್ನ ಇದೊಂದನ್ನು ಕೇಳಿಬಿಡೋಣ ಎಂದು ಗುರುಗಳಾದ ಮುಕ್ತಾಂಬ ಮೇಡಂ ಅವರ ಕೋಣೆಗೆ ಬಂದಿದ್ದ. ಆ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಅವರೇ.

“ಯಾರಪ್ಪಾ ಆ ಹೆದರುವವನು?” ಎಂದರು ಮೇಡಂ.

“ನನ್ನ ಸ್ನೇಹಿತ, ಮೇಡಂ.”

“ಓಹೋ, ಸ್ನೇಹಿತ! ಸರಿ, ಕೂತ್ಕೋ. ಒಂದು ಕತೆ ಹೇಳ್ತೀನಿ. ಹೋಗಿ ನಿನ್ನ ಸ್ನೇಹಿತನಿಗೆ ಹೇಳುವೆಯಂತೆ.”

ಮೇಡಂ ಹೇಳತೊಡಗಿದರು.

ಕೊರೊನಾದ ಮೊದಲ ಅಲೆಯಲ್ಲಿ ಒಂದು ಆಸ್ಪತ್ರೆಯಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದರು. ಒಬ್ಬಳು ಗಟ್ಟಿಗಿತ್ತಿ, ಒಬ್ಬ ಪುಕ್ಕಲ. ಹಾಗೆ ಹೆಸರಿಟ್ಟದ್ದು ನಾನಲ್ಲ, ಅವರ ಸಹಪಾಠಿಗಳು.

ಪಿಪಿಇ ಕಿಟ್ ಹಾಕಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ, ನಿನಗೇ ಗೊತ್ತಲ್ಲ. ಅದಕ್ಕೆ ಆ ಹುಡುಗರು ಒಂದು ಪದ್ಧತಿ ಮಾಡಿಕೊಂಡಿದ್ದರು. ಕಿಟ್ ತೊಟ್ಟ ಮೇಲೆ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಮಾರ್ಕರ್ ಪೆನ್ನಿನಿಂದ ದಪ್ಪ ಅಕ್ಷರದಲ್ಲಿ ಹೆಸರು ಬರೆಯಬೇಕು. ಬರೆಯುತ್ತಲೇ ಕೇಳಬೇಕು: ‘ಊಟ ಆಯ್ತಾ? ನಿದ್ದೆ ಬಂತಾ?’ ಬರೆಸಿಕೊಳ್ಳುವವರು ನಿಜ ಹೇಳಬೇಕು. ಮುಖ ಆ ಕಡೆ ಇರುತ್ತದಲ್ಲ, ನಿಜ ಹೇಳುವುದು ಸುಲಭವಾಗುತ್ತಿತ್ತು.

ಪುಕ್ಕಲ ದಿನವೂ, ‘ಇಲ್ಲ ಕಣ್ರೋ, ಕೈಕಾಲು ನಡುಗ್ತಿದೆ’ ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಕ್ಕವರೇ ಅವನ ಬೆನ್ನು ತಟ್ಟಿ ಒಳಗೆ ಕಳಿಸುತ್ತಿದ್ದರು. ಅವನು ನಡುಗುತ್ತಲೇ ಹೋಗಿ ರೋಗಿಗಳ ಕೈ ಹಿಡಿದು ಕೂರುತ್ತಿದ್ದ.

ಗಟ್ಟಿಗಿತ್ತಿ ಎಲ್ಲರ ಬೆನ್ನ ಮೇಲೂ ಬರೆದಳು, ಎಲ್ಲರ ಗೋಳನ್ನೂ ಕೇಳಿದಳು. ಸುಸ್ತಾದವರ ಪಾಳಿಯನ್ನೂ ತಾನೇ ಮಾಡಿದಳು. ಅಬ್ಬಾ, ಅಂಥ ಹುಡುಗಿ ಹುಡುಕಿದರೂ ಸಿಗುವುದಿಲ್ಲ! ಆದರೆ ತನ್ನ ಬೆನ್ನನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಎಲ್ಲರಿಗಿಂತ ಮೊದಲು ಬಂದು, ಕಿಟ್ಟನ್ನು ಮೇಜಿನ ಮೇಲೆ ಹಾಸಿ, ತನ್ನ ಹೆಸರನ್ನು ತಾನೇ ಬರೆದು, ಆಮೇಲೆ ತೊಟ್ಟುಕೊಳ್ಳುತ್ತಿದ್ದಳು. ಹಾಗೆ ಮಾಡಿದರೆ ‘ನಿದ್ದೆ ಬಂತಾ?’ ಎಂದು ಕೇಳುವವರೇ ಇರುವುದಿಲ್ಲ. ವೈದ್ಯೆಯಾಗುವವಳು ಅಳಬಾರದು ಎಂದು ಯಾವ ಪುಣ್ಯಾತ್ಮರು ಅವಳ ತಲೆಗೆ ತುಂಬಿದ್ದರೋ ಕಾಣೆ.

ಒಂದು ಸಂಜೆ ಅವಳ ಆರೈಕೆಯಲ್ಲಿದ್ದ ಅಜ್ಜಿಯೊಬ್ಬರು ತೀರಿಕೊಂಡರು. ಆ ಅಜ್ಜಿಯ ತಲೆ ಬಾಚಿ ಜಡೆ ಹಾಕುತ್ತಿದ್ದವಳೂ ಇವಳೇ. ಮರುದಿನ ಬೆಳಿಗ್ಗೆ ಬಂದಳು, ಕಿಟ್ ಹಾಸಿದಳು, ಬರೆದಳು, ತೊಟ್ಟಳು. ಯಾರಿಗೂ ಕಾಯದೆ ನೇರ ವಾರ್ಡಿಗೆ ಹೋದಳು. ಅಜ್ಜಿಯ ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸು ಇವಳ ಬೆನ್ನು ನೋಡಿ ಕಿಟಾರನೆ ಕಿರುಚಿದಳು. ಬೆನ್ನ ಮೇಲಿದ್ದದ್ದು ಸತ್ತ ಅಜ್ಜಿಯ ಹೆಸರು. ರಾತ್ರಿಯೆಲ್ಲ ಮನಸ್ಸಿನಲ್ಲಿ ಅದೇ ಇತ್ತು, ಕೈಗೂ ಅದೇ ಬಂದಿತ್ತು.

ಗಟ್ಟಿಗಿತ್ತಿಗೆ ಏನಾಯಿತೆಂದೇ ತಿಳಿಯಲಿಲ್ಲ. ತನ್ನ ಬೆನ್ನು ತನಗೆ ಕಾಣುವುದುಂಟೇ? ಕಿರುಚಿದ್ದು ಕೇಳಿ ಪುಕ್ಕಲ ಓಡಿಬಂದ. ಓದಿದ. ಅವಳ ಹಿಂದೆ ಒತ್ತಿ ನಿಂತು, ಬೇರೆ ಯಾರೂ ಆ ಹೆಸರು ಓದದ ಹಾಗೆ ಮರೆಯಾಗಿ, ಅವಳ ಜೊತೆಯಲ್ಲೇ ಹೆಜ್ಜೆ ಹಾಕುತ್ತ ಹೊರಗೆ ಕರೆತಂದ. ಭಲೇ ಪುಕ್ಕಲ!

ಕಿಟ್ ಕಳಚಿದಾಗ ಅವಳಿಗೆ ಹೆಸರು ಕಂಡಿತು. ಅಲ್ಲೇ ನೆಲದ ಮೇಲೆ ಕುಸಿದಳು. ‘ನನ್ನ ಕೈಲಾಗಲ್ಲ ಕಣೋ, ನನಗೂ ಹೆದರಿಕೆ’ ಎಂದು ಬಿಕ್ಕಿ ಬಿಕ್ಕಿ ಅತ್ತಳು.

‘ಅಷ್ಟೇ ತಾನೇ? ನಾನು ದಿನಾ ಹೇಳ್ತೀನಿ, ನೀನು ಇವತ್ತು ಹೇಳಿದೆ. ಏಳು, ಹೋಗೋಣ’ ಎಂದ ಪುಕ್ಕಲ. ಅವಳನ್ನು ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದ. ಅವರು ಎಲ್ಲವನ್ನೂ ಕೇಳಿದರು, ಔಷಧಿ ಕೊಟ್ಟರು, ರಜೆ ಹಾಕಿಸಿದರು. ಅವಳ ಪಾಳಿಯನ್ನು ಗೆಳೆಯರು ಹಂಚಿಕೊಂಡರು. ಅವಳು ಅತ್ತಳು, ಉಂಡಳು, ಮಲಗಿದಳು, ಮತ್ತೆ ಹೋಗಿ ಮನೋವೈದ್ಯರ ಹತ್ತಿರ ಮಾತಾಡಿದಳು.

ಸುಧಾರಿಸಿಕೊಂಡು ಬಂದ ದಿನ ಅವಳು ಮೊದಲು ಕಿಟ್ ತೊಟ್ಟಳು. ಆಮೇಲೆ ಪೆನ್ನನ್ನು ಪುಕ್ಕಲನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತಳು. ‘ಬರಿ’ ಎಂದಳು. ‘ನಿದ್ದೆ ಸ್ವಲ್ಪ ಬಂತು. ಹೆದರಿಕೆ ಇನ್ನೂ ಇದೆ.’ ಆ ವಾರ್ಡಿನಲ್ಲಿ ಅವಳು ಎಷ್ಟು ಜೀವ ಉಳಿಸಲು ಹೆಣಗಿದಳೋ ಲೆಕ್ಕವಿಲ್ಲ. ಆದರೆ ನನ್ನನ್ನು ಕೇಳಿದರೆ, ಎದೆಗಾರಿಕೆ ಅಂದರೆ ಅವಳು ಹಾಗೆ ತಿರುಗಿ ನಿಂತದ್ದು.

ಮೇಡಂ ಕತೆ ಮುಗಿಸಿದರು. ಭರಮಣ್ಣ ಕೇಳಿದ:

“ಇಬ್ಬರಲ್ಲಿ ಯಾರು ವೈದ್ಯರಾದರು, ಮೇಡಂ?”

“ಇಬ್ಬರೂ ಆದರು. ಒಳ್ಳೆಯ ವೈದ್ಯರೇ ಆದರು.”

ಭರಮಣ್ಣ ಎದ್ದು ಕೈಮುಗಿದ. “ಸ್ನೇಹಿತನಿಗೆ ಹೇಳ್ತೀನಿ ಮೇಡಂ” ಎಂದು ಬಾಗಿಲ ಕಡೆ ತಿರುಗಿದ.

ಮೇಡಂ ಅವನನ್ನು ಹಿಂದಿನಿಂದ ನೋಡಿ ಹೇಳಿದರು: “ನಿಲ್ಲಪ್ಪಾ ಭರಮಣ್ಣ, ನಿನ್ನ ಬೆನ್ನ ಮೇಲೆ ಚೆನ್ನವೀರಪ್ಪನವರ ಹೆಸರಿದೆ.”