ಕಂಕಣ ಕತ್ತರಿಸಿದ ಮೌನಪ್ಪ ಪತ್ತಾರ

ಹೊಳೆಯ ಈಚೆ ದಂಡೆಗೆ ಕರಡೋಣಿ ಅಂತ ಒಂದು ಊರಿತ್ತು. ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ. ಆ ಊರಲ್ಲಿ ಮೌನಪ್ಪ ಪತ್ತಾರ ಅಂತ ಒಬ್ಬ ಅಕ್ಕಸಾಲಿ ಇದ್ದ. ಕಣ್ಣು ಮುಚ್ಚಿಕೊಂಡು ಸಾಸಿವೆಯಷ್ಟು ಹರಳು ಕೂರಿಸುತ್ತಿದ್ದ ಅಂತಾರೆ. ಬೈಯಲು ನಿಂತರೆ ಹುಣಸೆಮರದ ಕಾಗೆಗಳು ಹೊಳೆ ದಾಟಿ ಹೋಗುತ್ತಿದ್ದವು ಅಂತಾರೆ. ಹೆಂಡತಿ ತೀರಿಕೊಂಡ ಮೇಲೆ ಆ ಸಿಟ್ಟು ಇನ್ನೂ ಹೆಚ್ಚಿತ್ತಂತೆ.

ಆ ಊರಿನ ಧಣಿ ಹತ್ತಿ ಹೊಲಗಳಿಗೆ ಔಷಧಿ ಹೊಡೆಯಲು ಒಂದು ಸಣ್ಣ ವಿಮಾನ ತರಿಸಿದ. ಅದನ್ನು ಹಾರಿಸುವವನು ಯಮನೂರ, ಮೌನಪ್ಪನ ಪಕ್ಕದ ಮನೆಯ ಗಂಗವ್ವನ ಒಬ್ಬನೇ ಮಗ. ಅದರಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸಲು ಗಾಜಿನ ಮೀಟರ್ ಇರಲಿಲ್ಲ. ಯಮನೂರನ ಕಣ್ಣೆದುರಿಗೇ ಟಾಕಿ, ಟಾಕಿಯ ಮುಚ್ಚಳದಲ್ಲೊಂದು ತೂತು, ತೂತಿನಿಂದ ಮೇಲೆದ್ದ ಗೇಣುದ್ದದ ತಂತಿ. ತಂತಿಯ ಬುಡಕ್ಕೆ, ಒಳಗೆ, ತೇಲುವ ಒಂದು ಬಿರಡೆ. ಪೆಟ್ರೋಲ್ ಇಳಿದ ಹಾಗೆ ತಂತಿಯೂ ಇಳಿಯಬೇಕು, ಅಷ್ಟೇ.

ಆಯುಧಪೂಜೆ ಬಂತು. ಧಣಿಯ ತಾಯಿ ವಿಮಾನಕ್ಕೆ ಆರತಿ ಎತ್ತಿದಳು. ಅರಿಶಿನ ಕೊಂಬಿನ ಕಂಕಣ ಕಟ್ಟಲು ಜಾಗ ಹುಡುಕಿ ಹುಡುಕಿ ಆ ತಂತಿಗೇ ಬಿಗಿದಳು. ಕೊಂಬು ಹೋಗಿ ತೂತಿಗೆ ಅಡ್ಡ ಕೂತಿತು. ಅವತ್ತಿನಿಂದ ತಂತಿ ಇಳಿಯಲಿಲ್ಲ. ವಿಮಾನ ಊರೆಲ್ಲ ಸುತ್ತಿ ಬಂದರೂ ತಂತಿ ನೆಟ್ಟಗೆ ನಿಂತೇ ಇತ್ತು.

ಊರವರು ಏನಂದರು? ದೇವಿ ಒಲಿದಿದ್ದಾಳೆ, ಇದು ಅಕ್ಷಯ ಟಾಕಿ ಅಂದರು. ತಂತಿಯ ಮುಂದೆ ಕಾಯಿ ಒಡೆದರು. ಧಣಿಯ ಆಳುಗಳು ಎರಡು ಡಬ್ಬಿ ಸುರಿಯುವಲ್ಲಿ ಒಂದೇ ಸುರಿದರು. ಬುದ್ಧಿಯನ್ನು ಗೂಟಕ್ಕೆ ನೇತುಹಾಕಿದ ಜನ. ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಒಂದು ದಿನ ಆಕಾಶದಲ್ಲೇ ಎಂಜಿನ್ ನಿಂತಿತು. ತಂತಿ ತುಂಬಿದೆ ಅನ್ನುತ್ತಿತ್ತು, ಟಾಕಿ ಒಣಗಿತ್ತು. ಯಮನೂರ ಹೇಗೋ ಹತ್ತಿ ಹೊಲಕ್ಕೆ ಇಳಿಸಿ, ಎರಡು ಹಲ್ಲು ಕಳೆದುಕೊಂಡು ಬದುಕಿದ. ಮೈಲಿಗೆಯಲ್ಲಿ ಹತ್ತಿದ್ದಾನೆ, ಅದಕ್ಕೇ ಹೀಗಾಯಿತು ಅಂದ ಧಣಿ. ವಿಮಾನ ರಿಪೇರಿ ಆಯಿತು, ಕಂಕಣ ಇದ್ದಲ್ಲೇ ಇತ್ತು. ಅಮಾವಾಸ್ಯೆಯ ಮರುದಿನ ಹೊಳೆಯ ಆಚೆ ಹಾರಬೇಕು ಅಂತ ಅಪ್ಪಣೆಯೂ ಆಯಿತು. ಹೊಲಕ್ಕೆ ಬಿದ್ದರೆ ಹಲ್ಲು ಹೋಗುತ್ತದೆ, ತುಂಬಿದ ಹೊಳೆಗೆ ಬಿದ್ದರೆ ಜೀವ ಹೋಗುತ್ತದೆ.

ಹಾರುವ ಹಿಂದಿನ ದಿನ ಯಮನೂರ ಮೌನಪ್ಪನ ಕಟ್ಟೆಗೆ ಬಂದು ಕೂತು ಎಲ್ಲ ಹೇಳಿದ. ನೀನೇ ಯಾಕೆ ಬಿಚ್ಚಲಿಲ್ಲ ಅಂತ ಮೌನಪ್ಪ ಕೇಳಿದ.

"ದೊಡ್ಡ ಅವ್ವಾರು ಕಟ್ಟ್ಯಾರ ಕಾಕಾ. ಮುಟ್ಟಿದ್ರ ಪಾಪ. ಮ್ಯಾಲ ನೌಕರಿನೂ ಹೋಗ್ತದ."

"ನೌಕರಿ ಉಳಿಸ್ಕೊಂಡು ಹೆಣಾ ಆಗ್ತಿಯೇನಲೇ? ನಿಮ್ಮವ್ವಗ ನಾ ಏನಂತ ಹೇಳ್ಲಿ?"

ಮರುದಿನ ಬೆಳಿಗ್ಗೆ ಊರೆಲ್ಲ ವಿಮಾನದ ಸುತ್ತ ನೆರೆದಿತ್ತು. ಮೌನಪ್ಪ ಕತ್ತರಿ ಹಿಡಿದು ಬಂದ, ಯಾರನ್ನೂ ಕೇಳಲಿಲ್ಲ, ಕಂಕಣ ಕತ್ತರಿಸಿದ. ತಂತಿ ಸರ್ರನೆ ಇಳಿದು ತಳಕ್ಕೆ ಟಣ್ ಅಂತ ಬಡಿಯಿತು. ಆ ಸದ್ದು ಮೂರು ಊರಿಗೆ ಕೇಳಿತು ಅಂತಾರೆ. ಅವನು ಮುಚ್ಚಳ ತೆಗೆದು, ತಂತಿ ಎಳೆದು ಬಿರಡೆ ತೋರಿಸಿದ. ಅದೂ ಹಾಳಾಗಿ, ನೆನೆದ ರೊಟ್ಟಿಯ ಹಾಗೆ ಕೈಯಲ್ಲೇ ಮುದ್ದೆಯಾಯಿತು.

ಆಗ ಬೈದ ನೋಡಿ. ಧಣಿಯನ್ನು ಬೈದ, ಕಾಯಿ ಒಡೆದವರನ್ನು ಬೈದ, ಬಾಯಿ ಮುಚ್ಚಿಕೊಂಡಿದ್ದ ಯಮನೂರನನ್ನೂ ಬೈದ. ನಿಜ ಹೇಳುವ ವಸ್ತುವಿನ ಬಾಯಿ ಕಟ್ಟಿ ಅದಕ್ಕೇ ಕೈ ಮುಗಿಯುತ್ತೀರಾ ಅಂದ. ಧಣಿಯ ರುಮಾಲು ತಾನೇ ಉರುಳಿ ಬಿತ್ತು ಅಂತಾರೆ. ಧಣಿ ಅಂದದ್ದು ಒಂದೇ ಮಾತು: ಇವತ್ತಿನಿಂದ ಈ ಪತ್ತಾರನ ಹೊಸ್ತಿಲು ಯಾರೂ ತುಳಿಯಕೂಡದು.

ಮೌನಪ್ಪ ಮನೆಗೆ ಹೋದ. ಹೊಸ ಬಿರಡೆಗೆ ಹಗುರಾದ ಬೆಂಡು ಬೇಕು, ಊರಲ್ಲಿ ಸಿಗಲಿಲ್ಲ. ತೊಲೆಗೆ ಅವನ ಮದುವೆಯ ಬಾಸಿಂಗ ತೂಗುತ್ತಿತ್ತು, ಹೆಂಡತಿಯ ಹಣೆಗೆ ಕಟ್ಟಿದ್ದ ಬೆಂಡಿನ ಬಾಸಿಂಗ. ಅದನ್ನೇ ಇಳಿಸಿ ಮುರಿದ. ಬೈಯುತ್ತಲೇ ಕೆತ್ತಿದ, ಬೈಯುತ್ತಲೇ ಮೂರು ಸಲ ಅರಗು ಲೇಪಿಸಿದ. ಕಣ್ಣೊರೆಸಿಕೊಂಡದ್ದನ್ನು ಗಂಗವ್ವ ಕಂಡಿದ್ದಳಂತೆ. ವಾಪಸ್ ಬಂದು ಬಿರಡೆಯನ್ನು ತಂತಿಗೆ ಕೂರಿಸಿ, ತಾನೇ ಡಬ್ಬಿ ಡಬ್ಬಿಯಾಗಿ ಪೆಟ್ರೋಲ್ ಸುರಿದ. ತಂತಿ ಬೆರಳು ಬೆರಳಾಗಿ ಮೇಲೆದ್ದಿತು.

ಯಮನೂರ ಹೊಳೆ ದಾಟಿದ. ಆಚೆ ದಂಡೆಯಲ್ಲಿ ಔಷಧಿ ಹೊಡೆಯುತ್ತಿದ್ದಾಗ ತಂತಿ ಇಳಿದದ್ದು ಕಂಡಿತು. ಹೊಲ ಇನ್ನೂ ಅರ್ಧ ಉಳಿದಿತ್ತು. ಉಳಿಯಲಿ ಅಂತ ತಿರುಗಿಸಿಕೊಂಡು ಮನೆಗೆ ಬಂದ.

ಮೌನಪ್ಪನ ಹೊಸ್ತಿಲನ್ನು ಮಾತ್ರ ಆಮೇಲೆ ಯಾರೂ ತುಳಿಯಲಿಲ್ಲ. ಕುಲುಮೆ ತಣ್ಣಗಾಯಿತು. ಗಂಗವ್ವ ಒಬ್ಬಳೇ ದಿನಾ ಎರಡು ರೊಟ್ಟಿ ಒಯ್ದಳು, ಅವನು ಸಾಯುವ ತನಕ. ಧಣಿಯದು ಬಿಡಿ, ಅವನು ಹಾಗೆಯೇ. ಊರವರೂ ಹೋಗಲಿಲ್ಲವಲ್ಲ, ಅದನ್ನು ನಾನು ಕ್ಷಮಿಸಿಲ್ಲ.

ಈಗಲೂ ಆ ಸೀಮೆಯಲ್ಲಿ ಆಯುಧಪೂಜೆಯ ದಿನ ಟ್ರ್ಯಾಕ್ಟರಿಗಿರಲಿ, ಹಿಟ್ಟಿನ ಗಿರಣಿಗಿರಲಿ, ಅಳತೆ ತೋರಿಸುವ ಮುಳ್ಳಿಗೆ ಯಾರೂ ದಾರ ಕಟ್ಟುವುದಿಲ್ಲ, ಕುಂಕುಮ ಹಚ್ಚುವುದಿಲ್ಲ. ಆರತಿಗೆ ಮೊದಲು ಮನೆಯ ಹಿರಿಯರು ಒಮ್ಮೆ ಗಟ್ಟಿಯಾಗಿ ಬೈಯಬೇಕು. ಅದು ಮೌನಪ್ಪನ ಪಾಲು. ಧಣಿಯ ವಂಶದವರ ಮನೆಯಲ್ಲೂ ಬೈಯುತ್ತಾರೆ. ಯಾರಿಗೆ ಬೈದದ್ದು ಅಂತ ಅಲ್ಲಿನ ಮಕ್ಕಳು ಕೇಳಿದರೆ, ನಮಗೇ ಅಂತ ಹೇಳಿಕೊಡುತ್ತಾರೆ.