ದೀಪ ಹಚ್ಚುವ ಮುಂಚೆ

ಗಿರಿನಾಡಿನ ಮಂತ್ರಿ ನಾಗಭೂಷಣಯ್ಯ ವಿದ್ಯುತ್ ಮಾರುಕಟ್ಟೆಯ ಒಪ್ಪಂದವನ್ನು ಪಕ್ಕಕ್ಕೆ ತಳ್ಳಿದರು.

“ಹಗಲು ಬೇಕಾದಷ್ಟು ಕರೆಂಟು ಮಾರುತ್ತೇವೆ. ದೀಪ ಹಚ್ಚಿದ ಮೇಲೆ ಇಲ್ಲ. ಆ ಹೊತ್ತಿನಲ್ಲಿ ನಾವು ಪಕ್ಕದ ಮನೆಗೆ ಮೊಸರನ್ನೇ ಕೊಡುವುದಿಲ್ಲ. ಲಕ್ಷ್ಮಿ ಹೊರಟುಹೋಗುತ್ತಾಳೆ. ಇನ್ನು ಕರೆಂಟು ಕೊಡುತ್ತೇವೆಯೇ?”

ಕರೆಂಟು ಕೊಳ್ಳಲು ಬಂದಿದ್ದ ನೆರೆಯ ಬಯಲುನಾಡಿನವರು ಮುಖ ಮುಖ ನೋಡಿಕೊಂಡರು. ಹಗಲು ಅವರಿಗೆ ಬಿಸಿಲಿನ ಕರೆಂಟೇ ಸಾಕಿತ್ತು. ಕತ್ತಲಾದರೆ ಗಡಿಯೂರಿನ ಹೆರಿಗೆ ಆಸ್ಪತ್ರೆಗೂ ಲಾಂದ್ರವೇ ಗತಿ. ಅವರ ಗುಮಾಸ್ತನ ಮಗಳು ಅಂದು ಹೆರಿಗೆಗೆ ಅಲ್ಲೇ ಸೇರಿದ್ದಳು.

ಗುಮಾಸ್ತ ಎದ್ದು ನಿಂತ. “ಸ್ವಾಮಿ, ದೀಪ ಹಚ್ಚುವ ಮುಂಚೆ ಕೊಟ್ಟರೆ ದೋಷವಿಲ್ಲ ತಾನೇ?”

“ಇಲ್ಲ.”

“ಹಾಗಾದರೆ ನಮ್ಮ ಕಡೆಯ ಲೈನಿನ ಸ್ವಿಚ್ ಈಗಲೇ ಹಾಕಿಸಿ. ಇನ್ನೂ ಬಿಸಿಲಿದೆ.”

ಮಂತ್ರಿ ನಕ್ಕು ಸ್ವಿಚ್ ಹಾಕಿಸಿದರು. ಮಾತುಕತೆ ಮುಂದುವರಿಯಿತು. ಹೊತ್ತು ಮುಳುಗಿತು. ಮಂತ್ರಿಯ ಆಳು ದೇವರ ಪಟದ ಮುಂದೆ ದೀಪ ಹಚ್ಚಿದ.

“ಇನ್ನು ಸ್ವಿಚ್ ಆರಿಸಿ” ಎಂದರು ಮಂತ್ರಿ.

“ಆರಿಸಬಹುದು” ಎಂದ ಗುಮಾಸ್ತ. “ಆದರೆ ಹಗಲು ಕೊಟ್ಟ ಮೊಸರನ್ನು ದೀಪ ಹಚ್ಚಿದ ಮೇಲೆ ಕಿತ್ತುಕೊಂಡು ಬರುವ ಮನೆಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆಯೇ?”

ಸ್ವಿಚ್‌ಗೆ ಹೋದ ಆಳಿನ ಕೈ ಅಲ್ಲೇ ನಿಂತಿತು. ಮಂತ್ರಿ ದೀಪ ನೋಡಿದರು, ಪಟ ನೋಡಿದರು.

“ಬೆಳಿಗ್ಗೆ ಆರಿಸುತ್ತೇನೆ, ನೋಡುತ್ತಿರು!”

“ಧಾರಾಳವಾಗಿ ಆರಿಸಿ. ಬೆಳಿಗ್ಗೆ ನಮಗೆ ಬೇಡ. ಸಂಜೆಗೆ ಮುಂಚೆ ಮತ್ತೆ ಹಾಕಿದರಾಯಿತು.”

“ಎಲ್ಲಿಂದ ಹಿಡಿದು ತಂದಿರಯ್ಯಾ ಇವನನ್ನು?” ಎಂದು ಗೊಣಗಿದ ಮಂತ್ರಿ ಕಾಗದವನ್ನು ಹತ್ತಿರಕ್ಕೆಳೆದುಕೊಂಡು ಸಹಿ ಹಾಕಿದರು.

ಆ ರಾತ್ರಿ ಆಸ್ಪತ್ರೆಯಲ್ಲಿ ಲಾಂದ್ರ ಹಚ್ಚಲಿಲ್ಲ. ಗುಮಾಸ್ತನಿಗೆ ಮೊಮ್ಮಗಳು ಹುಟ್ಟಿದಳು.